ಹೈಮಾವತಿ ಮೇಡಂ ಕೇಳಿದ ಪ್ರಶ್ನೆಗಳು

“ಬಿಂದು ತಲೆ ತಾನೇ ಬಾಚ್ಕೋತಾಳಾ?”

“ಅವುನಂಡಿ,” ಎಂದಳು ಅಮ್ಮ. ವೈಜಾಗಿಗೆ ಬಂದ ಮೇಲೆ ಹೊರಗಿನವರ ಎದುರು ಅಮ್ಮನ ‘ಹೌದು’ ಅಷ್ಟೇ ಅಲ್ಲ, ಮಾತೆಲ್ಲವೂ ಹೀಗೆ ತೆಲುಗಾಗಿಬಿಡುತ್ತಿತ್ತು.

“ಸ್ನಾನ?”

“ತಾನೇ ಮಾಡ್ತಾಳೆ. ಬಟ್ಟೇನೂ ಹಾಕ್ಕೋತಾಳೆ.”

ಪಕ್ಕದ ಕುರ್ಚಿಯಲ್ಲಿದ್ದ ತನುಶ್ರೀ ತಲೆ ತಗ್ಗಿಸಿದಳು. ಅದ್ಯಾವುದೂ ನಿಜವಲ್ಲ ಎಂದು ಗೊತ್ತಿದ್ದದ್ದು ಐದನೇ ಕ್ಲಾಸಿನ ಅವಳೊಬ್ಬಳಿಗೇ. ಪಾಪ, ಅಮ್ಮ ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಅವಳು ಔಷಧಿ ಕಂಪನಿಯ ಬಸ್ ಹತ್ತುತ್ತಾಳೆ. ಅಪ್ಪನಿಗೆ ದೂರದ ಇಬ್ರಾಹಿಂಪಟ್ನಂನಲ್ಲಿ ಕೆಲಸ, ಬರುವುದು ಭಾನುವಾರ ಮಾತ್ರ. ಎಂಟು ವರ್ಷದ ತಂಗಿ ಬಿಂದುವಿಗೆ ಸ್ನಾನ ಮಾಡಿಸಿ, ಜಡೆ ಹಾಕಿ, ಸ್ಕೂಲಿಗೆ ಕರೆದುಕೊಂಡು ಹೋಗುವವಳು ತನುವೇ. ಇಷ್ಟು ದಿನ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ, ಗಟ್ಟಿಗಿತ್ತಿ! ಗೊತ್ತಾದರೆ ಬಿಂದುವನ್ನು ತನ್ನ ಸ್ಕೂಲಿನಿಂದ ತೆಗೆದುಬಿಡುತ್ತಾರೆ ಎಂಬ ಭಯ ಅವಳಿಗೆ.

ಮಕ್ಕಳ ಬುದ್ಧಿಯ ಬೆಳವಣಿಗೆ ಪರೀಕ್ಷಿಸುವ ಹೈಮಾವತಿ ಮೇಡಂ ಪೆನ್ನು ಕೆಳಗಿಟ್ಟರು. “ನಿನ್ನೆ ಬ್ಲಾಕ್ಸು, ಚಿತ್ರ ಎಲ್ಲ ಕೊಟ್ಟು ನೋಡಿದೆ. ಮಾರ್ಕು ತುಂಬಾ ಕಡಿಮೆ ಬಂದಿದೆ. ಆದ್ರೆ ಅದೊಂದನ್ನೇ ನೋಡಿ ಹೇಳೋಕಾಗಲ್ಲ. ತನ್ನ ಕೆಲಸ ಇಷ್ಟು ಚೆನ್ನಾಗಿ ಮಾಡ್ಕೋತಾಳೆ ಅಂದ್ರೆ ಮತ್ತೆ ಯೋಚನೆ ಮಾಡ್ಬೇಕು.”

ಅಮ್ಮನ ಮುಖ ಅರಳಿತು. ಅಯ್ಯೋ, ಅದು ಹಾಗೆ ಅರಳಿ ಎಷ್ಟು ದಿನವಾಗಿತ್ತು!

ಅದನ್ನೂ ನೋಡಿಬಿಡೋಣವೆಂದು ಮೇಡಂ, ಮೂಲೆಯಲ್ಲಿ ಆಡುತ್ತಿದ್ದ ಬಿಂದುವನ್ನು ಕರೆದು ಅವಳ ಬಟ್ಟೆಯ ಮೇಲೆಯೇ ಒಂದು ಅಂಗಿ ತೊಡಿಸಿದರು. “ಗುಂಡಿ ಹಾಕ್ಕೋ ಬಂಗಾರಂ.”

ಬಿಂದು ಸೀದಾ ಅಕ್ಕನ ಮುಂದೆ ಬಂದು ನಿಂತಳು. ದಿನಾ ಬೆಳಗ್ಗೆ ನಿಲ್ಲುವ ಹಾಗೆಯೇ, ಗಲ್ಲ ಮೇಲೆತ್ತಿಕೊಂಡು.

ಅಮ್ಮ ಒಮ್ಮೆ ಅವಳನ್ನು, ಒಮ್ಮೆ ಇವಳನ್ನು ನೋಡಿದಳು. “ತನೂ... ದಿನಾ ನೀನೇನಾ?”

“ಹೂಂ. ಸ್ನಾನಾನೂ. ಜಡೇನೂ.” ತನು ಬಿಕ್ಕಿದಳು. “ಹೇಳಿದ್ರೆ ಇವಳ್ನ ನಮ್ಮ ಸ್ಕೂಲ್ ಬಿಡಿಸ್ತೀಯ ಅಂತ ಹೇಳ್ಲಿಲ್ಲಮ್ಮ.”

ಮೇಡಂ ನಿಧಾನವಾಗಿ ಹೇಳಿದರು. ಬಿಂದುವಿನ ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆದಿಲ್ಲ. ಇದಕ್ಕೆ ಮಾತ್ರೆ ಇಲ್ಲ. ಬೇರೆ ಸ್ಕೂಲಿನಲ್ಲಿ ಒಂದೊಂದೇ ಕೆಲಸ ಕಲಿಸಬೇಕು.

“ದೊಡ್ಡವಳಾದ್ರೆ ಸರಿಹೋಗ್ತಾಳಲ್ವಾ?” ಅಮ್ಮ ಕನ್ನಡದಲ್ಲೇ ಕೇಳಿಬಿಟ್ಟಳು. ಮೇಡಂಗೆ ಕನ್ನಡ ಬರದು. ಆದರೂ ಪ್ರಶ್ನೆ ತಿಳಿಯಿತು. ಇಲ್ಲವೆಂದು ತಲೆಯಾಡಿಸಿದರು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಬಿಂದು ಇನ್ನೂ ನಿಂತೇ ಇದ್ದಳು. ತನುವಿನ ಕೈ ತಾನಾಗಿ ಗುಂಡಿಯತ್ತ ಹೋಯಿತು. ಆಗ ಅವಳಿಗೆ ಹೊಳೆಯಿತು: ಆ ಬೇರೆ ಸ್ಕೂಲಿನಲ್ಲಿ ತಾನು ಇರುವುದಿಲ್ಲ. ಅಲ್ಲಿ ಇವಳು ಯಾರ ಮುಂದೆ ಹೋಗಿ ನಿಲ್ಲುತ್ತಾಳೆ?

ತನು ಕೈ ಹಿಂದಕ್ಕೆ ತೆಗೆದುಕೊಂಡಳು.

“ನೀನೇ ಹಾಕ್ಕೋ ಬಿಂದು.”

ಬಿಂದುವಿಗೆ ಅರ್ಥವಾಗಲಿಲ್ಲ. ಎತ್ತಿದ ಗಲ್ಲ ಇಳಿಸದೆ, ಅಕ್ಕನ ಕೈಗಾಗಿ ಕಾಯುತ್ತಲೇ ನಿಂತಳು.