ಅಳಿಸಿಹೋದ ಲ್ಯಾಟಿನ್ ಪಾಠ

ಸಂಜೆ ಕ್ಯಾಸೆಟ್ ಹಾಕಿದಾಗ ದನಿಯೇ ಬರಲಿಲ್ಲ. ಮೇಷ್ಟ್ರು ತೆಗೆದು ಮತ್ತೆ ಹಾಕಿದರು. ಬರೀ ಸುಯ್ ಎಂಬ ಸದ್ದು. ಹೋದ ವರ್ಷ ತೀರಿಕೊಂಡ ಹೆಂಡತಿಯ ದನಿ ಈ ಲೋಕದಲ್ಲಿ ಉಳಿದಿದ್ದದ್ದು ಅದೊಂದರಲ್ಲೇ.

ಮರುದಿನ ಬೆಳಿಗ್ಗೆ ದೊಡ್ಡಮ್ಮನಿಗೆ ಕರೆ ಹೋಯಿತು. ತೀರಿಹೋದವಳ ಅಕ್ಕ ಆಕೆ. ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಕಳೆದುಕೊಂಡ ಸಾಮಾನಿನ ಕೋಣೆ ನೋಡಿಕೊಂಡೇ ತಲೆ ಹಣ್ಣಾದವಳು. ಅವಳು ಬಂದಾಗ ಮೇಷ್ಟ್ರು ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಅವರಿಗೆ ಮಾತಿಲ್ಲ, ಸ್ಲೇಟೇ ಬಾಯಿ. ಒಳಗೆ ಅಳಿಯ ಸೂಟ್‌ಕೇಸಿಗೆ ಬಟ್ಟೆ ತುರುಕುತ್ತಿದ್ದ.

"ಇವನೆಲ್ಲಿಗೆ ಹೊರಟ?"

"ಹೋಗ್ಲಿ ಬಿಡಿ ದೊಡ್ಡಮ್ಮ," ಎಂದಳು ಮಗಳು. "ಅಮ್ಮನ್ನ ಎರಡನೇ ಸಲ ಸಾಯಿಸಿದೋರ ಜೊತೆ ನಾನು ಬಾಳಲ್ಲ."

"ಇವನೇ ಅಂತ ಹೇಗೆ ಹೇಳ್ತೀಯ?"

"ಇನ್ಯಾರು? ದಿನಾ ಅದೇ ಪಾಠ, ತಲೆ ಚಿಟ್ಟು ಹಿಡೀತು ಅಂತಿದ್ರು. ಮೊನ್ನೆ ಟೇಪ್ ರೆಕಾರ್ಡರ್ ಬಿಚ್ಕೊಂಡು ಕೂತಿದ್ದೂ ಅವರೇ. ರೆಕಾರ್ಡ್ ಮಾಡೋ ಕೆಂಪು ಗುಂಡಿ ಒತ್ತಿದ್ರೆ ತಾನೇ ಹಳೇದು ಅಳಿಸೋದು?"

ದೊಡ್ಡಮ್ಮ ಒಳಗೆ ಹೋದಳು. "ಬಿಚ್ಚಿದ್ದು ನಿಜವೇನೋ?"

"ನಿಜ. ಅತ್ತೆ ದನಿ ಎಳೀತಿತ್ತು. ಮಾವನಿಗೆ ಚೆನ್ನಾಗಿ ಕೇಳ್ಲಿ ಅಂತ ಎಣ್ಣೆ ಬಿಟ್ಟೆ."

"ತಲೆ ಚಿಟ್ಟು ಹಿಡಿದಿದ್ದು?"

"ಅದೂ ನಿಜ. ಎರಡೂ ನಿಜ ಅಂದ್ರೆ ಯಾರು ನಂಬ್ತಾರೆ?"

"ನನ್ನ ಕೆಲಸ ನಂಬೋದಲ್ಲ, ಹುಡುಕೋದು. ಎಲ್ಲಾ ಗುಂಡಿಗೂ ಎಣ್ಣೆ ಬಿಟ್ಟೆಯಾ?"

"ಎಲ್ಲದಕ್ಕೂ. ಕೆಂಪುದಂತೂ ಕಲ್ಲಿನ ಹಾಗೆ ಕಚ್ಕೊಂಡಿತ್ತು. ಆಮೇಲೆ ಹಾಕಿ ನೋಡಿದೆ. ಅತ್ತೆ ಚೆನ್ನಾಗೇ ಮಾತಾಡಿದ್ರು."

ದೊಡ್ಡಮ್ಮ ಹೊರಗೆ ಬಂದು ದನಿಯನ್ನು ಪೂರ್ತಿ ಏರಿಸಿ ಕ್ಯಾಸೆಟ್ ಹಾಕಿದಳು. ಸುಯ್— ಅದರ ಅಡಿಯಲ್ಲಿ ಎಲ್ಲೋ, ಟಕ್ ಟಕ್ ಟಕ್. ಬಿಡುವು. ಟಕ್ ಟಕ್.

"ಹಳೇ ಯಂತ್ರ, ಚಕ್ರದ ಹಲ್ಲು ಸವೆದು ಬಡ್ಕೊಳ್ಳುತ್ತೆ," ಎಂದಳು ಮಗಳು.

"ಹಲ್ಲು ಸವೆದ್ರೆ ಒಂದೇ ಸಮ ಬಡ್ಕೊಳ್ಳುತ್ತೆ. ಇದು ಉಸಿರು ತಗೊಂಡು ಬಡೀತಿದೆ. ನನ್ನ ತಂಗಿ ಇದರಲ್ಲಿ ಏನು ಹೇಳ್ತಿದ್ಲು?"

"ಲ್ಯಾಟಿನ್ ಕ್ರಿಯಾಪದ ದೊಡ್ಡಮ್ಮ. ಮನೇರೆ ಅಂತ. ಉಳಿಯೋದು ಅಂತ ಅರ್ಥ. ಅಪ್ಪನ ಗಂಟಲು ಕೆಟ್ಟಾಗ ಪಾಠದ ಮಕ್ಕಳಿಗೋಸ್ಕರ ಹೇಳಿಟ್ಟಿದ್ದು. ಉಳಿಯೋ ಜಾಗವೇ ಮನೆ, ಮರೆಯೋ ಹಾಗೇ ಇಲ್ಲ ಅಂತ ನಗೋಳು."

"ಅವಳು ಹೇಳೋ ಹಾಗೇ ಹೇಳು."

ಮಗಳು ಗಂಟಲು ಸರಿಮಾಡಿಕೊಂಡಳು. "ಮ-ನೆ-ಓ, ನಾನು ಉಳಿಯುತ್ತೇನೆ. ಮ-ನೇಸ್, ನೀನು ಉಳಿಯುತ್ತೀಯೆ. ಮ-ನೆತ್, ಅವಳು ಉಳಿಯುತ್ತಾಳೆ. ಒಂದೊಂದು ಹೇಳಿ ಸುಮ್ಮನಾಗೋಳು. ಮಕ್ಕಳು ತಿರುಗಿ ಹೇಳ್ಬೇಕು. ಆಮೇಲೆ ಮ-ನೇ-ಮುಸ್, ನಾವು. ಮ-ನೇ-ತಿಸ್, ನೀವು. ಮ-ನೆಂತ್, ಅವರು."

"ಮೇಷ್ಟ್ರೂ ತಿರುಗಿ ಹೇಳ್ತಾರಾ?"

"ಅವರೆಲ್ಲಿ ಹೇಳ್ತಾರೆ? ಕಣ್ಣು ಮುಚ್ಕೊಂಡು, ಬಳಪದಲ್ಲಿ ಮೇಜು ಕುಟ್ಟಿ—"

ಅವಳು ಅಪ್ಪನ ಕಡೆ ತಿರುಗಿದಳು.

ದೊಡ್ಡಮ್ಮ ಸೂಟ್‌ಕೇಸಿನ ಕಡೆ ನೋಡಿದಳು. ಗೋಡೆಯ ಕಡೆ ತಿರುಗಿದ್ದ ಬೆನ್ನನ್ನೂ ನೋಡಿದಳು. ಹೇಳದಿದ್ದರೆ ತಪ್ಪಿಲ್ಲದವನು ಮನೆ ಬಿಡುತ್ತಾನೆ. ಹೇಳಿದರೆ? ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಮತ್ತೆ ಹಾಕಿದಳು. ಮೂರು, ಎರಡು, ಎರಡು. ಮೂರು, ಮೂರು, ಎರಡು.

"ಅಳಿಸಿದ್ದು ಮೇಷ್ಟ್ರೇ," ಎಂದಳು.

"ದೊಡ್ಡಮ್ಮ!"

"ಬೇಕು ಅಂತ ಅಲ್ಲ ಮಗಳೇ. ನಡುಗೋ ಕೈ. ಪ್ಲೇ ಗುಂಡಿ ಒತ್ತೋಕೆ ಹೋಗಿ ಅಂಗೈಯಲ್ಲೇ ಪಕ್ಕದ ಕೆಂಪುದನ್ನೂ ಅದುಮ್ತಾರೆ. ಕೆಂಪುದು ಕಚ್ಕೊಂಡಿರೋವರೆಗೂ ಏನೂ ಆಗ್ಲಿಲ್ಲ. ಇವನು ಒಳ್ಳೇದಾಗ್ಲಿ ಅಂತ ಎಣ್ಣೆ ಬಿಟ್ಟ. ಮೊನ್ನೆ ಸಂಜೆ ಅದೂ ಕೆಳಗಿಳೀತು. ಬಳಪದ ಸದ್ದು ತುಂಬ್ಕೊಂಡಿತು, ಅವಳು ಅಳಿಸಿಹೋದ್ಲು."

"ಅಂದ್ರೆ ಆವತ್ತು ಯಂತ್ರದಿಂದ ದನಿಯೇ ಬಂದಿರಲ್ಲ! ಅಪ್ಪನಿಗೆ ಗೊತ್ತಾಗ್ಲಿಲ್ವಾ?"

"ಪ್ರತಿ ಸಲ ಅವಳು ಮುಗಿಸೋವರೆಗೂ ಕಾದು ಆಮೇಲೇ ಕುಟ್ಟಿದ್ದಾರೆ, ಕೇಳಿಸ್ಕೋ. ಯಂತ್ರ ಮಾತಾಡ್ತಿಲ್ಲ ಅನ್ನೋದು ಅವರಿಗೆ ತಿಳೀಲೇ ಇಲ್ಲ. ತಲೆಯೊಳಗೆ ಅವಳು ಹೇಳ್ತಾನೇ ಇದ್ಲು."

ಅಳಿಯ ಬಾಗಿಲಲ್ಲಿ ಬಂದು ನಿಂತಿದ್ದ. ಮಗಳು ಅವನ ಮುಖ ನೋಡಲಾರದೆ ಅವನ ಅಂಗಿಯ ತೋಳು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಹತ್ತಿರಕ್ಕೂ ಬರಲಿಲ್ಲ.

ಮೇಷ್ಟ್ರು ಈ ಕಡೆ ತಿರುಗಿದ್ದರು. ಸ್ಲೇಟಿನ ಮೇಲೆ ಬಳಪ ಕಿರುಗುಟ್ಟಿತು: ಮೊನ್ನೆ ಪೂರ್ತಿ ಪಾಠ ಹೇಳಿದಳು. ನಾನು ಕೇಳಿದೆ.

"ಕೇಳಿದ್ರಿ ಮೇಷ್ಟ್ರೇ, ನನಗೆ ಗೊತ್ತು." ದೊಡ್ಡಮ್ಮ ಅವರ ಪಕ್ಕ ಕುಳಿತಳು. "ಈಗಲೂ ಕೇಳಿಸ್ತಿದೆಯಾ?"

ಮೇಷ್ಟ್ರು ಕಣ್ಣು ಮುಚ್ಚಿದರು. ಕತ್ತು ಒಂದು ಕಡೆ ವಾಲಿಸಿ, ಪಾಠ ಕೇಳುವ ಹುಡುಗನಂತೆ, ಬಹಳ ಹೊತ್ತು ಕಾದರು.

ಆಮೇಲೆ ಇಲ್ಲವೆಂದು ತಲೆಯಾಡಿಸಿದರು.