ತೊಂಡೆಯ ಗಂಡು ಬಳ್ಳಿ

೨೦೨೪ರ ಆಗಸ್ಟ್ ೭, ಬುಧವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ. ಬಸವನ ಬಾಗೇವಾಡಿಯ ಹೊರಗೆ, ಸಂಗುವಿನ ತೋಟದ ತೊಂಡೆ ಹಂದರದ ಕೆಳಗೆ ಶ್ರೀವಾಣಿ ದಿಕ್ಕುತೋಚದೆ ನಿಂತಿದ್ದಳು.

“ಈ ಸಾಲಿನಾಗಿದ್ದ ಐದು ಬಳ್ಳಿ ಎಲ್ಲಿ ಹೋದ್ವು?”

“ಕಿತ್ತಿದೆ ರಿ,” ಎಂದ ಸಂಗು, ಶಹಬ್ಬಾಸ್‌ಗಿರಿಗೆ ಕಾದ ಮುಖದಲ್ಲಿ. “ನಾಳೆ ಗೈಡ್ ಸರ್ ಬರ್ತಾರ, ಹಸನ ಮಾಡಿ ಇಡ್ರಿ ಅಂದಿದ್ರಲ್ಲ? ಒಂದು ಕಾಯಿ ಬಿಡದ ಗೊಡ್ಡು ಬಳ್ಳಿ ಅವು. ಬೇರು ಸಮೇತ ಅಗದೇನಿ.”

“ಈಗ ಎಲ್ಲಿ ಅದಾವ?”

“ಆಡು ತಿಂದು ಮುಗಿಸ್ಯಾವು.”

ಶ್ರೀವಾಣಿ ಬದುವಿನ ಮೇಲೆ ಕೂತಳು. ಮುದ್ದೇಬಿಹಾಳದ ಕಾಲೇಜಿನಲ್ಲಿ ಅವಳು ಸಸ್ಯಶಾಸ್ತ್ರದ ಲೆಕ್ಚರರ್. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಗಂಡನ್ನು ಗಂಡಾಗಿಸುವ ವೈ ಕ್ರೋಮೋಸೋಮ್ ಊರಿಂದೂರಿಗೆ ಎಷ್ಟು ಬದಲಾಗಿದೆ ಎಂಬುದೇ ಅವಳ ಪಿಎಚ್‌ಡಿ. ಆದರೆ ಸುತ್ತಲಿನವರೆಲ್ಲ ಕಾಯಿ ಬಿಡುವ ಬಳ್ಳಿಯ ತುಂಡನ್ನೇ ಒಬ್ಬರಿಗೊಬ್ಬರು ಕೊಟ್ಟು ನೆಡುತ್ತಾರೆ, ಗಂಡು ಕಂಡರೆ ಕಿತ್ತೆಸೆಯುತ್ತಾರೆ. ಆ ಐದನ್ನು ಕೂಡಿಸಿ ಇಲ್ಲಿ ನೆಡಲು ಎರಡು ಮಳೆಗಾಲ ಹಿಡಿದಿತ್ತು. ನಾಳೆ ಗಂಡು ಬಳ್ಳಿ ಕಾಣದಿದ್ದರೆ ವಿಷಯ ಬದಲಿಸು ಎಂದು ಗೈಡ್ ಖಡಾಖಂಡಿತವಾಗಿ ಹೇಳಿದ್ದರು. ವಿಷಯ ಬದಲಾದರೆ ಈ ತೋಟಕ್ಕೆ ಬರುವ ನೆಪವೂ ಮುಗಿಯುತ್ತದೆ.

“ಅವು ಗಂಡು ಬಳ್ಳಿ,” ಎಂದಳು, ನೆಲ ನೋಡುತ್ತ. “ಕಾಯಿ ಬಿಡೂದಿಲ್ಲ.”

ಸಂಗುವಿನ ಮುಖ ಇಳಿಯಿತು. “ಎರಡು ವರ್ಷ ಆತು ಇಲ್ಲಿ ಬರಾಕತ್ತಿ. ಆ ಬಳ್ಳಿ, ಈ ಬಳ್ಳಿ ಅಂತಿದ್ರಿ. ಗಂಡು ಅಂತ ಒಮ್ಮೆರ ಯಾಕ ಹೇಳಲಿಲ್ಲರಿ?”

ಅವಳು ಬ್ಯಾಗ್ ಎತ್ತಿಕೊಂಡು ಎದ್ದಳು.

“ಬೈಕ್ ಹತ್ರಿ, ಮೇಡಂ. ಹುಡುಕೂಣು.”

ಶ್ರೀವಾಣಿ ತನ್ನ ಬ್ಯಾಗನ್ನು ಇಬ್ಬರ ನಡುವೆ ಗೋಡೆಯಂತೆ ಇಟ್ಟು ಕೂತಳು. ಸಿಂದಗಿಯ ಬೇಲಿಗಳೆಲ್ಲ ತೊಂಡೆಕಾಯಿಯಿಂದ ಜೋತಾಡುತ್ತಿದ್ದವು; ಒಂದೊಂದು ಕಾಯಿ ಕಂಡಾಗಲೂ ಅವಳ ಸಿಟ್ಟು ಏರುತ್ತಿತ್ತು. ಬೈಕಿನ ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿತು.

“ಕನ್ನಡಿ ರಸ್ತೆ ನೋಡಾಕ ಐತಿ.”

“ರಸ್ತೆನೂ ಕಾಣತೈತ್ರಿ.”

ನಗು ಬಂತು. ನುಂಗಿದಳು.

ಇಂಡಿ ಹತ್ತಿರದ ಸಾಲೋಟಗಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ನಿಂಬೆ ತೋಟದಲ್ಲಿ ಹಣ್ಣು ಆರಿಸುತ್ತಿದ್ದ ಶೇವಂತೆವ್ವ ಎಂಬ ಮುದುಕಿ, ಕಾಯಿ ಬಿಡದ ಬಳ್ಳಿ ಕೇಳಿದ್ದಕ್ಕೆ, ಇಲ್ಲವೆಂದು ಕೈ ಬೀಸಿದಳು. “ಗೊಡ್ಡು ಬಳ್ಳಿ ಯಾರ ಇಟ್ಕೋತಾರವ್ವಾ? ಬೇಲ್ಯಾಗ ಒಂದಿತ್ತು, ಹೋದ ತಿಂಗಳ ಕೊಯ್ದು ಒಗದೇನಿ. ಮೊದಲ ನಿನ್ನ ಗಂಡಗ ನೀರು ಕೊಡು, ಮಾರಿ ಬಾಡೈತಿ.”

ಶ್ರೀವಾಣಿ ಸಂಗುವಿನ ಮುಂದೆ ನೀರಿನ ಬಾಟಲಿ ಹಿಡಿದಳು; ಅವನು ಇಸಿದುಕೊಂಡು ಕುಡಿದ.

ಕೊಯ್ದ ಜಾಗದಲ್ಲಿ, ಮುಳ್ಳುಬೇಲಿಯ ಬುಡದಲ್ಲಿ, ಬೇರು ಮತ್ತೆ ಚಿಗುರಿತ್ತು. ಬೆರಳು ದಪ್ಪದ ಒಂದೇ ಕುಡಿ, ತುದಿಯಲ್ಲಿ ಒಂದು ಬಿಳಿ ಹೂ. ಅವಳು ಹೂವನ್ನು ಮೆಲ್ಲಗೆ ಹೊರಳಿಸಿದಳು. ಹೆಣ್ಣು ಹೂವಿನಡಿ ಇರುವಂಥ ಹೀಚುಕಾಯಿ ಇದರ ಕೆಳಗೆ ಇರಲಿಲ್ಲ.

“ಇದು ಗಂಡು,” ಎಂದಳು. ಈ ಸಲ ಅವನನ್ನೇ ನೋಡುತ್ತ.

“ಈಗರ ಹೇಳ್ರಿ. ಎರಡು ವರ್ಷ ಯಾಕ ಹೇಳಲಿಲ್ಲ?”

“ಕ್ಲಾಸಿನಾಗ ಅರವತ್ತು ಮಂದಿ ಮುಂದ ಗಂಡು ಹೆಣ್ಣು ಅಂತ ಪಾಠ ಮಾಡ್ತೇನಿ. ನಿಮ್ಮ ಮುಂದ ನಾಲಿಗಿ ಹೊರಳಲಿಲ್ಲ.”

“ಅಂದ್ರ?”

“ಅಂದ್ರ ಅದ.”

ಅವನು ಬೇಲಿಯ ಮುಳ್ಳೊಂದನ್ನು ಪಕ್ಕಕ್ಕೆ ಸರಿಸಿದ. “ಆ ಮುದುಕಿ ಅಂದದ್ದು ನಾ ತಿದ್ದಲಿಲ್ಲ. ನೀವೂ ತಿದ್ದಲಿಲ್ಲ.”

“ತಿದ್ದಾಕ ಮನಸ ಬರಲಿಲ್ಲ.”

“ನನಗೂ.”

ನಾಳೆ ಗೈಡ್‌ಗೆ ತೋರಿಸಲು ಅವಳು ಕುಡಿ ಕತ್ತರಿಸಿ, ಬ್ಯಾಗಿನಿಂದ ಅಳತೆಪಟ್ಟಿ ತೆಗೆದಳು. ಅವನು ಅದರ ಇನ್ನೊಂದು ತುದಿ ಹಿಡಿದ. ಬೆರಳು ತಾಗಿದಾಗ ಇಬ್ಬರೂ ಕೈ ತೆಗೆಯಲಿಲ್ಲ. ಎರಡು ಮಳೆಗಾಲದ ಐದು ಬಳ್ಳಿಗೆ ಬದಲು ಸಿಕ್ಕಿದ್ದು ಇದಿಷ್ಟೇ.

ಉದ್ದ ೨೨ ಸೆಂಟಿಮೀಟರ್.