ಸೇತುವೆ ಕೆಳಗಿನ ಲೆಕ್ಕ

“ಏಳು ಸರ್,” ಎಂದಳು ಡೆಲ್ಫಿನ್, ಬಕೆಟ್ಟಿನೊಳಗೆ ಬಗ್ಗಿ. “ಏಳೂ ವಾಲ್‌ಐ ಮೀನಿನ ಮರಿಗಳೇ.”

“ಭೇಷ್,” ಎಂದು ಮೀನು ಇಲಾಖೆಯ ಲಿಂಡ್‌ಕ್ವಿಸ್ಟ್ ಅವಳ ಬೆನ್ನು ತಟ್ಟಿದರು. “ಹೋದ ವರ್ಷ ಇದೇ ಮರಳು ದಿಣ್ಣೆ ಹತ್ರ ಅರವತ್ತು ಸಿಕ್ಕಿದ್ವು.”

ಪಕ್ಕದಲ್ಲಿ ನಿಂತಿದ್ದ ಅವಳ ಕ್ಲಾಸಿನ ರಿತ್ವಾಗೆ ಆ ಅರವತ್ತು ಕೇಳಿಸಲಿಲ್ಲ. ಬೆನ್ನು ತಟ್ಟಿದ ಕೈಯಷ್ಟೇ ಕಂಡಿತು.

ನದಿಯಲ್ಲಿ ವಾಲ್‌ಐ ಮರಿಗಳು ಕಡಿಮೆಯಾಗುತ್ತಿವೆ ಎಂದು ಎಣಿಸಲು ಐದನೇ ಕ್ಲಾಸಿನವರೆಲ್ಲ ಬಂದಿದ್ದರು. ದಿಣ್ಣೆಯ ಗುಂಪಿಗೆ ಡೆಲ್ಫಿನ್ ಲೀಡರ್. ರೈಲು ಸೇತುವೆಯ ಗುಂಪಿಗೆ ರಿತ್ವಾ. ರಿತ್ವಾ ಅಲ್ಲಿ ಮೂರು ಸಲ ಬಲೆ ಎಳೆಸಿದ್ದಳು. ಬಂದದ್ದು ಪಾಚಿ, ಎರಡು ಸಿಗಡಿ, ಒಂದು ಹಳೇ ಶೂ.

ಓದಿನಲ್ಲೂ ಡೆಲ್ಫಿನ್, ಹಾಕಿಯಲ್ಲೂ ಡೆಲ್ಫಿನ್. ಈಗ ಮೀನಿನಲ್ಲೂ. ಸೇತುವೆಯ ಕೆಳಗೆ ಗಾಳ ಹಾಕುವುದನ್ನು ರಿತ್ವಾಗೆ ಅಜ್ಜ ಕಲಿಸಿದ್ದರು. ಡೆಲ್ಫಿನ್ ಊರಿಗೆ ಬಂದೇ ಎರಡು ವರ್ಷ.

ಎಲ್ಲರೂ ಬಿಸಿ ಚಾಕೊಲೇಟ್ ಕುಡಿಯಲು ವ್ಯಾನಿನ ಹತ್ತಿರ ಓಡಿದರು. ರಿತ್ವಾ ಹಿಂದೆ ಉಳಿದಳು. ಡೆಲ್ಫಿನ್‌ಳ ಬಕೆಟ್ಟಿಗೆ ಕೈ ಹಾಕಿ, ನಾಲ್ಕು ಮರಿಗಳನ್ನು ತನ್ನ ಬಕೆಟ್ಟಿಗೆ ಬಿಟ್ಟಳು. ಒಂದು ಮರಿಯ ಬೆನ್ನಿನ ಮುಳ್ಳು ಬೆರಳಿಗೆ ಚುಚ್ಚಿತು.

ಲಿಂಡ್‌ಕ್ವಿಸ್ಟ್ ಅಳತೆಪಟ್ಟಿ ಹಿಡಿದು ಬಂದರು, ಹಿಂದೆಯೇ ಡೆಲ್ಫಿನ್ ಮತ್ತು ಇನ್ನು ಕೆಲವರು. ಸೇತುವೆಯ ಗುಂಪಿನ ಉಳಿದವರು ಇನ್ನೂ ವ್ಯಾನಿನ ಹತ್ತಿರವೇ ಇದ್ದರು.

“ಅರೆ, ಸೇತುವೆ ಹತ್ರ ನಾಲ್ಕಿವೆ. ದಿಣ್ಣೇದು ಮೂರೇ.”

“ಏಳಿದ್ವು ಸರ್. ನಾನೇ ಎಣಿಸಿದ್ದೆ,” ಎಂದಳು ಡೆಲ್ಫಿನ್.

“ಎಣಿಸೋಕೆ ಬಂದಿದ್ರೆ ತಾನೆ,” ಎಂದು ಯಾರೋ ನಕ್ಕರು. ಡೆಲ್ಫಿನ್ ಕಿವಿ ಕೆಂಪಾಯಿತು. ಅವಳು ಸೋತು ನಿಂತದ್ದನ್ನು ನೋಡಲು ರಿತ್ವಾ ಎಷ್ಟು ದಿನದಿಂದ ಕಾದಿದ್ದಳು. ಈಗ ನೋಡಲಾಗಲಿಲ್ಲ.

“ಒಳ್ಳೇದೇ ಆಯ್ತು,” ಎಂದು ಲಿಂಡ್‌ಕ್ವಿಸ್ಟ್ ಬರೆದುಕೊಂಡರು. “ಸೇತುವೆ ಕೆಳಗೆ ಮರಿಗಳು ಉಳಿದಿವೆ ಅಂತಾಯ್ತು. ವಸಂತದಲ್ಲಿ ಹೊಸ ಮರಿಗಳನ್ನ ಅಲ್ಲಿ ಬಿಡಬೇಕಾಗಿಲ್ಲ. ಎಲ್ಲಾನೂ ದಿಣ್ಣೆ ಹತ್ರಾನೇ ಬಿಡೋಣ.”

ರಿತ್ವಾ ಸೇತುವೆಯತ್ತ ನೋಡಿದಳು. ಅಲ್ಲಿ ಏನೂ ಉಳಿದಿಲ್ಲ ಎಂದು ಇಲ್ಲಿ ನಿಂತವರಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

“ಸರ್, ಆ ನಾಲ್ಕೂ ಡೆಲ್ಫಿನ್‌ದು,” ಎಂದಳು. “ನಾನೇ ತೆಗೆದು ಹಾಕ್ಕೊಂಡೆ.”

ಲಿಂಡ್‌ಕ್ವಿಸ್ಟ್ ಬರೆದದ್ದನ್ನು ಹೊಡೆದುಹಾಕಿದರು.

“ಹಾಗಾದ್ರೆ ಸೇತುವೆ ಹತ್ರ ಎಷ್ಟು?”

“ಒಂದೂ ಇಲ್ಲ ಸರ್. ಮೂರು ಸಲ ಎಳೆದ್ವಿ.”

ಅವರು ಪೆನ್ಸಿಲ್ಲನ್ನು ಅವಳ ಕೈಗೇ ಕೊಟ್ಟರು. ರಿತ್ವಾ ದುಂಡಗೆ ಸೊನ್ನೆ ಬರೆದಳು.

ಏಳು ಮರಿಗಳನ್ನೂ ಒಂದೇ ಬಕೆಟ್ಟಿಗೆ ಹಾಕಿ ನೀರಿಗೆ ಬಿಡುವ ಹೊತ್ತು. ಡೆಲ್ಫಿನ್ ಅವಳತ್ತ ನೋಡಲಿಲ್ಲ. ಆದರೆ ಬಕೆಟ್ಟು ಭಾರವಾದಾಗ, “ಆ ಕಡೆ ಹಿಡ್ಕೋ,” ಎಂದಳು.

ಇಬ್ಬರೂ ಸೇರಿ ಬಕೆಟ್ಟು ಬಗ್ಗಿಸಿದರು. ಆರು ಮರಿಗಳು ಸರ್ರನೆ ಹೋದವು. ಒಂದು ಮಾತ್ರ ದಡದಂಚಿನ ನೀರಲ್ಲೇ ನಿಂತು ಕಿವಿರು ಆಡಿಸುತ್ತಿತ್ತು.

“ಹೋಗು, ಹೋಗು,” ಎಂದಳು ರಿತ್ವಾ ಮೆಲ್ಲಗೆ. ಅದು ಯಾರ ಬಕೆಟ್ಟಿನದು ಎಂದು ಅವಳು ಯೋಚಿಸಲಿಲ್ಲ. ಅದು ಆಳದ ನೀರಿಗೆ ಸೇರುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದಳು.